ತಂತಿಗಳ್ಳರು: ದಾರಿಹೋಕರ ಕೊಲೆಗಳ ಒಂದು ಹಳೆಯ ವೃತ್ತಾಂತ

ಮದರಾಸಿನ ಉತ್ತರದ ಅಂಚಿನಲ್ಲಿ ಕಡಲಿಗೆ ಅಂಟಿಕೊಂಡಿರುವ ತಿರುವೊಟ್ಟಿಯೂರು ಕನ್ನಡಿಗರ ಇತಿಹಾಸಕ್ಕೆ ಅಪರಿಚಿತವಾದ ಊರಲ್ಲ. ಅಲ್ಲಿಯ ಆದಿಪುರೀಶ್ವರ ದೇವಾಲಯದ ಶಾಸನಗಳಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು ಕನ್ನರದೇವನೆಂಬ ಹೆಸರಿನಿಂದ ಕಾಣಿಸಿಕೊಳ್ಳುತ್ತಾನೆ. ಕ್ರಿ.ಶ. 949ರ ತಕ್ಕೋಲದ ಯುದ್ಧದಲ್ಲಿ ಚೋಳ ರಾಜಕುಮಾರ ರಾಜಾದಿತ್ಯನು ಮಡಿದನಷ್ಟೆ. ಅವನೊಡನೆ ತಾನೂ ಸಾಯಲಾಗಲಿಲ್ಲವೆಂಬ ಪರಿತಾಪದಿಂದ ಸಂನ್ಯಾಸವನ್ನು ಹಿಡಿದ ಕೇರಳದ ವೀರನೊಬ್ಬನು, ಚತುರಾನನ ಪಂಡಿತನೆಂಬ ಹೆಸರಿನಿಂದ ಈ ಊರಿನ ಮಠಕ್ಕೆ ಅಧಿಪತಿಯಾದ ಸಂಗತಿಯೂ ಆ ಕಲ್ಲುಗಳಲ್ಲಿಯೇ ಉಂಟು. ಇಂಥ ಕ್ಷೇತ್ರಗಳ ಮಠಗಳಿಗೂ ಛತ್ರಗಳಿಗೂ ಅರಸರು ಬಿಟ್ಟ ದತ್ತಿಗಳ ಹಿಂದೆ ಪುಣ್ಯಾಪೇಕ್ಷೆಯಲ್ಲದೆ ಇನ್ನೊಂದು ವಿಚಾರವೂ ಇದ್ದಿತು. ಹಗಲಿನ ದಾರಿ ಎಂಥದೇ ಇರಲಿ, ರಾತ್ರಿ ತಲೆಯೂರಲು ಒಂದು ನಿರ್ಭಯವಾದ ಸ್ಥಳ ಬೇಕೆಂಬುದೇ ಆ ವಿಚಾರ. ಪರಸ್ಥಳಕ್ಕೆ ಹೊರಟವನು ತನ್ನ ಊರಿನ ಕಾವಲನ್ನು ಬಿಟ್ಟು ಬಂದಿರುತ್ತಾನೆ. ಸೇರುವ ಊರಿನ ಕಾವಲಿಗೆ ಅವನಿನ್ನೂ ಒಳಪಟ್ಟಿರುವುದಿಲ್ಲ. ಈ ಎರಡರ ನಡುವಣ ಬಯಲಿನಲ್ಲಿ ಅವನು ಕಾಣೆಯಾದರೆ ವಿಚಾರಿಸುವವರು ಯಾರು?

ಈ ಪ್ರಶ್ನೆಯನ್ನು ಲಿಖಿತವಾಗಿ ಮೊದಲು ಎತ್ತಿದವರಲ್ಲಿ ಮದರಾಸಿನ ಒಬ್ಬ ವೈದ್ಯನೂ ಸೇರಿದ್ದಾನೆ. ಸೇಂಟ್ ಜಾರ್ಜ್ ಕೋಟೆಯ ಸೇವೆಯಲ್ಲಿದ್ದ ಶಸ್ತ್ರವೈದ್ಯ ರಿಚರ್ಡ್ ಷರ್ವುಡ್ ಎಂಬುವನು 1816ರಲ್ಲಿ ‘ಫಾಂಸಿಗಾರರೆಂಬ ಕೊಲೆಗಾರರು’ ಎಂಬ ಅರ್ಥದ ಶೀರ್ಷಿಕೆಯಿಂದ ಒಂದು ಪ್ರಬಂಧವನ್ನು ಬರೆದನು. ಅದು ಮದರಾಸಿನ ಸಾಹಿತ್ಯ ಪತ್ರಿಕೆಯೊಂದರಲ್ಲಿ ಪ್ರಕಟವಾಗಿ, 1820ರಲ್ಲಿ ಕಲ್ಕತ್ತೆಯ ‘ಏಷ್ಯಾಟಿಕ್ ರಿಸರ್ಚಸ್’ ಸಂಪುಟಮಾಲೆಯ 13ನೆಯ ಸಂಪುಟದಲ್ಲಿ ಪುನರ್ಮುದ್ರಿತವಾಯಿತು. ‘ಠಗ್ಗರು’ ಎಂದೊಡನೆ ಇಂದು ಎಲ್ಲರ ನೆನಪಿಗೆ ಬರುವುದು ಜಬ್ಬಲಪುರ, ನರ್ಮದಾತೀರ ಹಾಗೂ ಸ್ಲೀಮನ್ ಎಂಬ ಅಧಿಕಾರಿಯ ಹೆಸರು. ಆದರೆ ಈ ವಿಷಯದ ಮೊದಲ ವಿಸ್ತಾರವಾದ ವಿವರಣೆ ಹುಟ್ಟಿದ್ದು ದಕ್ಷಿಣದಲ್ಲಿ. ಅದರಲ್ಲಿಯೂ ಮೈಸೂರು ಸೀಮೆ, ಚಿತ್ತೂರು, ಆರ್ಕಾಟುಗಳು ಕೂಡುವ ಗಡಿಯ ಕಥೆಯಾಗಿ. ಉತ್ತರದ ಕಾರ್ಯಾಚರಣೆಗೆ ಹೊರಡುವ ಮುನ್ನ ಸ್ಲೀಮನ್ನನೇ ಷರ್ವುಡ್ಡನ ಪ್ರಬಂಧವನ್ನು ಓದಿದ್ದನೆಂಬುದು ಮುಂದಿನ ವಿಚಾರಕ್ಕೆ ಬಹಳ ಮುಖ್ಯವಾದ ಸಂಗತಿಯಾಗಿದೆ.

ಷರ್ವುಡ್ಡನು ಈ ಕೊಲೆಗಾರರಿಗೆ ಬೇರೆ ಬೇರೆ ಭಾಷೆಗಳಲ್ಲಿದ್ದ ಹೆಸರುಗಳನ್ನು ಕೊಟ್ಟಿದ್ದಾನೆ. ಉತ್ತರದಲ್ಲಿ ಠಗ್ಗರು, ಎಂದರೆ ಮೋಸಗಾರರು. ಫಾಂಸಿಗಾರ ಎಂಬುದು ಹಿಂದೂಸ್ಥಾನಿಯ ಫಾಂಸಿ, ಎಂದರೆ ಕುಣಿಕೆ, ಎಂಬ ಮಾತಿನಿಂದ ಬಂದುದು. ಅದರ ಮೂಲ ಸಂಸ್ಕೃತದ ಪಾಶ. ತಮಿಳಿನಲ್ಲಿ ಅವರನ್ನು ‘ಅರಿ ತುಲುಕ್ಕರ್’ ಎಂದೂ ತೆಲುಗಿನಲ್ಲಿ ‘ವರ್ಲು ವಾಂಡ್ಲು’ ಎಂದೂ ಕರೆಯುತ್ತಿದ್ದರಂತೆ. ಕನ್ನಡದ ಹೆಸರು ‘ತಂತಿ ಕಳ್ಳರು’. ತಂತಿಯ ಅಥವಾ ನರದ ಕುಣಿಕೆಯನ್ನು ಬಳಸುವ ಕಳ್ಳರೆಂದು ಅವನೇ ಅರ್ಥವನ್ನೂ ಹೇಳುತ್ತಾನೆ. ತೆಲುಗಿನ ‘ವರ್ಲು’ ನಮ್ಮ ‘ಉರುಲು’ ಎಂಬ ಮಾತಿನ ಒಡಹುಟ್ಟೆಂದು ಸುಲಭವಾಗಿ ಊಹಿಸಬಹುದು. ಕನ್ನಡದ ಸಮಾಸನಿಯಮದಂತೆ ಈ ಪದ ‘ತಂತಿಗಳ್ಳರು’ ಎಂದಾಗಬೇಕು. ಷರ್ವುಡ್ಡನು ಕಕಾರವನ್ನೇ ಉಳಿಸಿ ಎರಡು ಮಾತಾಗಿ ಬರೆದಿದ್ದಾನೆ. ದುಭಾಷಿಯು ಬಿಡಿಬಿಡಿಯಾಗಿ ಹೇಳಿದ್ದನ್ನು ಕಿವಿಯಿಂದ ಕೇಳಿ ಬರೆದುಕೊಂಡದ್ದರ ಗುರುತು ಇದಾಗಿರಬೇಕು. ತಂತಿ ಎಂದರೆ ವೀಣೆಯ ತಂತಿಯಂಥ ನರವೆಂಬ ಹಳೆಯ ಅರ್ಥ ಈ ಹೆಸರಿನಲ್ಲಿದೆ. ವಿದ್ಯುತ್ ತಂತಿ, ತಂತಿವಾರ್ತೆಗಳು ಬರುವುದಕ್ಕೆ ಮುಂಚಿನ ಕನ್ನಡ ಅದು. ಇಂದು ‘ತಂತಿಕಳ್ಳ’ನೆಂದರೆ ತಾಮ್ರದ ತಂತಿಯನ್ನು ಕದಿಯುವವನೆಂದೇ ಎಲ್ಲರೂ ತಿಳಿದಾರು.

ಹೆಸರಿನಲ್ಲಿ ತಂತಿ ಇದ್ದರೂ ಪ್ರಯೋಗದಲ್ಲಿದ್ದುದು ಬಹುಮಟ್ಟಿಗೆ ಬಟ್ಟೆಯೇ. ಪ್ರಯಾಣಿಕನ ಕೈಯಲ್ಲಿ ಪಂಚೆಯನ್ನೋ ರುಮಾಲನ್ನೋ ಕಂಡರೆ ಯಾರು ಅನುಮಾನಪಟ್ಟಾರು? ಷರ್ವುಡ್ಡನು ವರ್ಣಿಸುವ ಕ್ರಮ ಹೀಗಿದೆ. ಹತ್ತರಿಂದ ಐವತ್ತರವರೆಗಿನ ಜನ ಗುಂಪುಕಟ್ಟಿಕೊಂಡು, ವ್ಯಾಪಾರಿಗಳಂತೆಯೋ ಸಿಪಾಯಿಗಳಂತೆಯೋ ವೇಷವಿಟ್ಟು, ತಮ್ಮ ಊರಿನಿಂದ ಬಹುದೂರ ಹೋಗುತ್ತಿದ್ದರು. ಊರಿನ ಹತ್ತಿರ ಮಾತ್ರ ಕೈಯಾಡಿಸುತ್ತಿರಲಿಲ್ಲ. ದಾರಿಯಲ್ಲಿ ಸಿಕ್ಕ ಪಯಣಿಗರೊಡನೆ ಸ್ನೇಹ ಬೆಳೆಸಿ, ಜೊತೆಯಾಗಿ ಹೋದರೆ ಕಳ್ಳರ ಭಯವಿಲ್ಲವೆಂದು ನಂಬಿಸಿ, ಕೆಲವು ಹರದಾರಿ ಕೂಡಿ ನಡೆಯುತ್ತಿದ್ದರು. ತಕ್ಕ ಸ್ಥಳ ಬಂದಾಗ ಸನ್ನೆಯಾಗುತ್ತಿತ್ತು. ಒಬ್ಬನು ಕೊರಳಿಗೆ ಬಟ್ಟೆಯನ್ನು ಹಾಕಿದರೆ ಇನ್ನೊಬ್ಬನು ಕಾಲುಗಳನ್ನು ಹಿಡಿಯುತ್ತಿದ್ದನು. ಒಬ್ಬ ಮನುಷ್ಯನಿಗೆ ಇಬ್ಬರು ಬೇಕೇ ಬೇಕು, ಸಾಮಾನ್ಯವಾಗಿ ಮೂವರು. ತಪ್ಪಿಸಿಕೊಂಡವನನ್ನು ಹಿಡಿಯಲು ದೂರದಲ್ಲಿ ಬೇರೆಯವರು ನಿಂತಿರುತ್ತಿದ್ದರು. ಕೊಲೆಯಿಲ್ಲದ ಸುಲಿಗೆ ಅವರಲ್ಲಿಲ್ಲ. ಮೊದಲು ಪ್ರಾಣ, ಆಮೇಲೆ ಗಂಟು. ಹೆಣಗಳನ್ನು ಬೇಗನೆ ಹೂಳುತ್ತಿದ್ದರು. ಹೂತ ಹೆಣ ಉಬ್ಬಿ ಮಣ್ಣು ಬಿರಿದರೆ ನರಿಗಳು ಬಂದಾವೆಂದು ಅದನ್ನು ಸೀಳಿ ಹೂಳುವ ವಾಡಿಕೆಯೂ ಇದ್ದಿತು. ಪ್ರಯಾಣಿಕನ ಸಂಗಡ ನಾಯಿಯಿದ್ದರೆ ಅದನ್ನೂ ಕೊಲ್ಲುತ್ತಿದ್ದರಂತೆ. ಒಡೆಯನ ಹೆಣವಿರುವ ಜಾಗವನ್ನು ಅದು ತೋರಿಸಿಕೊಟ್ಟೀತೆಂಬ ಭಯದಿಂದ. ಇಡೀ ಪ್ರಬಂಧದಲ್ಲಿ ಮನಸ್ಸನ್ನು ಕಲಕುವ ವಿವರ ಇದು. ಸತ್ತವನನ್ನು ಹುಡುಕಿಕೊಂಡು ಬರಬಹುದಾದ ಪ್ರಾಣಿ ಆ ಕೊಲೆಗಾರರ ಲೆಕ್ಕದಲ್ಲಿ ಅದೊಂದೇ ಆಗಿದ್ದಿತು.

ಇವರ ವಾಸಸ್ಥಾನ ಯಾವುದು? ಮೈಸೂರಿನ ಉತ್ತರಭಾಗ, ಬಾಲಾಘಾಟಿನ ಸೀಮೆಗಳು, ಎಲ್ಲಕ್ಕಿಂತ ಹೆಚ್ಚಾಗಿ ಚಿತ್ತೂರಿನ ಪಾಳೆಯಪಟ್ಟುಗಳು. ಹೊರಗೆ ನೋಡಿದರೆ ಸಾಗುವಳಿಗಾರರು. ಸುಗ್ಗಿ ಮುಗಿದ ಮೇಲೆ ದಾರಿ ಹಿಡಿಯುವವರು. ಲೂಟಿಯಲ್ಲಿ ಪಾಳೆಯಗಾರನಿಗೂ ಊರ ಮುಖ್ಯಸ್ಥನಿಗೂ ಪಾಲು ಸಲ್ಲುತ್ತಿದ್ದುದರಿಂದ ಅವರಿಗೆ ಆಶ್ರಯದ ಕೊರತೆಯಿರಲಿಲ್ಲ. ಹೈದರಾಲಿಯು ಇವರನ್ನು ವಿಚಾರಣೆಯ ಗೊಡವೆಯಿಲ್ಲದೆ ನಿರ್ಮೂಲ ಮಾಡಲು ನೋಡಿದನೆಂದೂ, ಟಿಪ್ಪುವಿನ ಆಳ್ವಿಕೆಯಲ್ಲಿ ಕೆಲವರಿಗೆ ಕಠಿಣ ದುಡಿಮೆಯ ಶಿಕ್ಷೆ, ಮತ್ತೆ ಕೆಲವರಿಗೆ ಅಂಗಚ್ಛೇದ ಆಯಿತೆಂದೂ ಷರ್ವುಡ್ಡನು ಬರೆಯುತ್ತಾನೆ. ಇಂಗ್ಲಿಷರ ಕಣ್ಣಿಗೆ ಇವರು ಬಿದ್ದುದು 1799ರಲ್ಲಿ ಶ್ರೀರಂಗಪಟ್ಟಣವು ಪತನವಾದ ತರುವಾಯ. ಆಗ ಬೆಂಗಳೂರಿನ ಸುತ್ತಮುತ್ತ ಸುಮಾರು 100 ಮಂದಿ ಸೆರೆಯಾದರು. ಆದರೂ ಇವರು ಸಾಧಾರಣ ದರೋಡೆಕೋರರಲ್ಲವೆಂಬುದು ಆಗ ಯಾರಿಗೂ ಹೊಳೆಯಲಿಲ್ಲ. 1807ರಲ್ಲಿ ಚಿತ್ತೂರಿಗೂ ಆರ್ಕಾಟಿಗೂ ನಡುವೆ, ತಿರುವಾಂಕೂರಿನ ಕಡೆಯಿಂದ ಲೂಟಿಯನ್ನು ಹೊತ್ತು ಹಿಂದಿರುಗುತ್ತಿದ್ದ ಒಂದು ತಂಡದವರು ಕೆಲವರು ಸಿಕ್ಕಿಬಿದ್ದ ಮೇಲೆಯೇ ಅವರ ಕಟ್ಟುಕಟ್ಟಳೆಗಳ ಸುಳಿವು ದೊರೆಯಿತು. ಚಿತ್ತೂರಿನ ದಂಡಾಧಿಕಾರಿಯಾಗಿದ್ದ ವಿಲಿಯಂ ರೈಟ್ ಎಂಬುವನು ಈ ವಿಚಾರಣೆಗಳನ್ನು ನಡೆಸಿದನು.

ಇಷ್ಟು ಕಾಲ ಇದು ತಿಳಿಯದೆ ಹೋದುದು ಹೇಗೆ? ಕುಂಪಣಿಯ ಸೀಮೆಯಲ್ಲಿ ಐರೋಪ್ಯರು ನಿರಾತಂಕವಾಗಿ ತಿರುಗಾಡುತ್ತಿದ್ದಾಗಲೇ, ಅದೇ ದಾರಿಗಳಲ್ಲಿ ದೇಶೀಯ ಪಯಣಿಗರು ವರ್ಷವರ್ಷವೂ ಕಾಣೆಯಾಗುತ್ತಿದ್ದರೆಂದು ಷರ್ವುಡ್ಡನು ಪ್ರಬಂಧದ ಪ್ರಾರಂಭದಲ್ಲಿಯೇ ಹೇಳುತ್ತಾನೆ. ಅಧಿಕಾರಿಗಳ ಕಣ್ಣಿಗೆ ಬೀಳುವ ಜನವನ್ನು ತಂತಿಗಳ್ಳರು ಮುಟ್ಟುತ್ತಿರಲಿಲ್ಲ. ಅವರ ಕೈಗೆ ಸಿಕ್ಕವರಲ್ಲಿ ರಜೆಯ ಮೇಲೆ ಊರಿಗೆ ಹೊರಟ ಸಿಪಾಯಿಗಳು ಬಹಳ. ವರ್ಷಗಟ್ಟಲೆ ದುಡಿದ ಸಂಬಳ ಸೊಂಟದಲ್ಲಿ. ದಂಡಿನವರು ಅವನು ಊರು ಸೇರಿದನೆಂದು ತಿಳಿಯುವರು, ಊರಿನವರು ಅವನಿನ್ನೂ ದಂಡಿನಲ್ಲಿದ್ದಾನೆಂದು ತಿಳಿಯುವರು. ರಜೆ ಮುಗಿದರೂ ಬಾರದವನು ದಂಡಿನ ಪಟ್ಟಿಯಲ್ಲಿ ಓಡಿಹೋದವನಾಗುತ್ತಿದ್ದನು. 1810ರ ಏಪ್ರಿಲ್‌ನಲ್ಲಿ ಮೇಜರ್ ಜನರಲ್ ಸೇಂಟ್ ಲೆಜರ್ ಎಂಬ ಸೇನಾಧಿಕಾರಿಯು ಉತ್ತರದ ಸಿಪಾಯಿಗಳಿಗೆ ಒಂದು ಎಚ್ಚರಿಕೆಯ ಆಜ್ಞೆಯನ್ನು ಹೊರಡಿಸಿ, ಹಣವನ್ನು ಮೈಮೇಲೆ ಒಯ್ಯದೆ ಹುಂಡಿಯ ಮೂಲಕ ಕಳುಹಿಸಬೇಕೆಂದೂ ದಾರಿಯಲ್ಲಿ ಅಪರಿಚಿತರ ಸಂಗವನ್ನು ಮಾಡಬಾರದೆಂದೂ ತಿಳಿಸಬೇಕಾಯಿತು.

ಹಿಂದಿರುಗದವನ ಮನೆಯ ಪಾಡನ್ನು ಯಾವ ಅಧಿಕಾರಿಯೂ ಬರೆದಿಡಲಿಲ್ಲ. ಧರ್ಮಶಾಸ್ತ್ರದಲ್ಲಿ ಮಾತ್ರ ಅದಕ್ಕೊಂದು ಸ್ಥಾನವಿದೆ. ದೇಶಾಂತರ ಹೋಗಿ ಸುದ್ದಿಯಿಲ್ಲದವನಿಗಾಗಿ ಸಾಮಾನ್ಯವಾಗಿ ಹನ್ನೆರಡು ವರ್ಷ ಕಾದು, ಆಮೇಲೆ ಮುತ್ತುಗದ ಎಲೆಯ 360 ತೊಟ್ಟುಗಳಿಂದ ಮನುಷ್ಯಾಕೃತಿಯನ್ನು ಮಾಡಿ ದಹಿಸುವ ವಿಧಿ ಅದು; ಪಾಲಾಶವಿಧಿಯೆಂದು ಹೆಸರು. ಆ ಹನ್ನೆರಡು ವರ್ಷ ಹೆಂಡತಿಯು ಮುತ್ತೈದೆಯೂ ಹೌದು, ಅಲ್ಲವೂ ಹೌದು. ಮಕ್ಕಳಿಗೆ ಶ್ರಾದ್ಧವಿಲ್ಲ, ದಾಯಭಾಗವಿಲ್ಲ. 1872ರ ಸಾಕ್ಷ್ಯ ಕಾಯಿದೆಯು ಈ ಅವಧಿಯನ್ನು ಏಳು ವರ್ಷಕ್ಕೆ ಇಳಿಸಿತು. ಶಾಸ್ತ್ರಕಾರರು ಇಷ್ಟು ವಿವರವಾದ ವಿಧಿಯನ್ನು ಏರ್ಪಡಿಸಬೇಕಾಗಿ ಬಂದುದೇ, ದಾರಿಯಲ್ಲಿ ಕಾಣೆಯಾಗುವುದು ಅಪರೂಪದ ಸಂಗತಿಯಾಗಿರಲಿಲ್ಲವೆಂಬುದಕ್ಕೆ ಸಾಕ್ಷಿಯಾಗಿದೆ.

ತಂತಿಗಳ್ಳರ ಮತಾಚಾರದ ಬಗ್ಗೆ ಷರ್ವುಡ್ಡನು ಹೇಳುವುದು ಸ್ವಾರಸ್ಯವಾದರೂ ಎಚ್ಚರದಿಂದ ಓದಬೇಕಾದ ಭಾಗ. ಗುಂಪಿನಲ್ಲಿ ಮುಸಲ್ಮಾನರೇ ಹೆಚ್ಚು. ಹಿಂದೂಗಳೂ ಹಲವು ಜಾತಿಗಳಿಂದ ಸೇರಿದ್ದರು. ಆದರೆ ಎಲ್ಲರ ಆರಾಧ್ಯದೇವತೆ ಕಾಳಿ ಅಥವಾ ಮಾರಿಯಮ್ಮ. ಹಿಂದೆ ದೇವಿಯೇ ಹೆಣಗಳನ್ನು ತಿಂದು ಮುಗಿಸುತ್ತಿದ್ದಳಂತೆ. ಹಿಂದಿರುಗಿ ನೋಡಬಾರದೆಂಬ ಕಟ್ಟಳೆಯನ್ನು ಒಬ್ಬ ಹೊಸಬನು ಮೀರಿದ್ದರಿಂದ ಕೋಪಗೊಂಡು ಆ ಕೆಲಸವನ್ನು ಬಿಟ್ಟಳು. ಆದರೂ ಕನಿಕರದಿಂದ ತನ್ನ ಕೋರೆಹಲ್ಲೊಂದನ್ನು ಗುದ್ದಲಿಗೆ, ಪಕ್ಕೆಲುಬೊಂದನ್ನು ಚೂರಿಗೆ, ಸೀರೆಯ ಅಂಚನ್ನು ಕುಣಿಕೆಗೆ ದಯಪಾಲಿಸಿದಳು. ಇದು ಅವರಲ್ಲಿದ್ದ ಕಥೆ. ಈ ಕಥೆಯನ್ನು ಹಿಡಿದು ಠಗ್ಗರದೊಂದು ನರಬಲಿಯ ಗುಪ್ತಧರ್ಮವೆಂದು ಮುಂದಿನ ಇಂಗ್ಲಿಷ್ ಬರಹಗಾರರು ಸಾರಿದರು. ಮಾರಿಯ ಪೂಜೆ ದಕ್ಷಿಣದ ಯಾವ ಹಳ್ಳಿಯಲ್ಲಿಲ್ಲ? ತಿರುವೊಟ್ಟಿಯೂರಿನ ದೇವಾಲಯದೊಳಗೇ ವಟ್ಟಪಾರೈ ಅಮ್ಮನ ಗುಡಿಯಿದೆ. ಬಲಿಗಳನ್ನು ಬೇಡುತ್ತಿದ್ದ ಆ ಉಗ್ರದೇವತೆಯನ್ನು ಆದಿಶಂಕರರು ಶಾಂತಗೊಳಿಸಿದರೆಂದು ಸ್ಥಳಪುರಾಣ ಹೇಳುತ್ತದೆ. ಉಗ್ರಶಕ್ತಿಯ ಮುಂದೆ ರೈತನೂ ಕೈಮುಗಿಯುತ್ತಾನೆ, ಬೆಸ್ತನೂ ಮುಗಿಯುತ್ತಾನೆ, ಸಿಪಾಯಿಯೂ ಮುಗಿಯುತ್ತಾನೆ, ಕಳ್ಳನೂ ಮುಗಿದನು. ಕಳ್ಳನ ಭಕ್ತಿಯನ್ನೇ ಕಳ್ಳತನದ ಕಾರಣವೆಂದು ಹೇಳುವುದು ತರ್ಕವಲ್ಲ. ಪಾಳೆಯಗಾರರ ದಂಡುಗಳು ಚದುರಿ, ಕಸುಬು ತಪ್ಪಿದ ಸಿಪಾಯಿಗಳು ಸೀಮೆಸೀಮೆಗಳಲ್ಲಿ ತುಂಬಿದ್ದ ಕಾಲ ಅದು. ಗುಪ್ತಧರ್ಮವನ್ನು ಹುಡುಕುವುದಕ್ಕಿಂತ ಆ ಸಂಗತಿಯಿಂದ ಹೊರಡುವುದೇ ಇತಿಹಾಸಕಾರನಿಗೆ ಲೇಸು.

ಉತ್ತರದಲ್ಲಿ ನಡೆದುದನ್ನು ಸಂಕ್ಷೇಪವಾಗಿ ಹೇಳಬಹುದು. 1830ರ ದಶಕದಲ್ಲಿ ವಿಲಿಯಂ ಹೆನ್ರಿ ಸ್ಲೀಮನ್ನನು ಸೆರೆಸಿಕ್ಕವರಲ್ಲಿ ಕೆಲವರಿಗೆ ಪ್ರಾಣಭಿಕ್ಷೆಯನ್ನು ಕೊಟ್ಟು ಅವರನ್ನೇ ಮಾಫಿ ಸಾಕ್ಷಿಗಳನ್ನಾಗಿ ಮಾಡಿಕೊಂಡನು. ಅವರು ಹೆಸರಿಸಿದವರನ್ನು ಹಿಡಿಯುವುದು, ಹಿಡಿದವರಿಂದ ಮತ್ತಷ್ಟು ಹೆಸರುಗಳನ್ನು ಪಡೆಯುವುದು, ಹೀಗೆ ಕಾರ್ಯ ಸಾಗಿತು. 1836ರಲ್ಲಿ ಅವರ ಗುಪ್ತಭಾಷೆಯ ಬಗ್ಗೆ ‘ರಾಮಸೀಯಾನ’ ಎಂಬ ಗ್ರಂಥವನ್ನು ಪ್ರಕಟಿಸಿದನು. ಅದೇ ವರ್ಷದ 30ನೆಯ ಕಾಯಿದೆಯ ಪ್ರಕಾರ, ಒಬ್ಬನು ಯಾವುದಾದರೊಂದು ಕೊಲೆಯನ್ನು ಮಾಡಿದನೆಂದು ಸಿದ್ಧಪಡಿಸಬೇಕಾದ ಅಗತ್ಯವಿರಲಿಲ್ಲ. ಕಾಯಿದೆ ಬರುವುದಕ್ಕೆ ಮೊದಲಾಗಲಿ ಆಮೇಲಾಗಲಿ ಠಗ್ಗರ ತಂಡಕ್ಕೆ ಸೇರಿದ್ದನೆಂದು ತೋರಿಸಿದರೆ ಆಜೀವ ಕಾರಾಗೃಹವಾಸ. 1839ರಲ್ಲಿ ಮೆಡೋಸ್ ಟೇಲರನ ‘ಒಬ್ಬ ಠಗ್ಗನ ತಪ್ಪೊಪ್ಪಿಗೆಗಳು’ ಎಂಬರ್ಥದ ಹೆಸರಿನ ಕಾದಂಬರಿ ಲಂಡನ್ನಿನಲ್ಲಿ ಹೊರಬಂದು ಅಲ್ಲಿಯ ಜನ ಮುಗಿಬಿದ್ದು ಓದಿದರು. ಮುಂದೆ ಕನ್ನಡ ನಾಡಿನ ಸುರಪುರ ಸಂಸ್ಥಾನದಲ್ಲಿ ಬಹುಕಾಲ ಆಡಳಿತ ನಡೆಸಿದ ಟೇಲರನು ಇವನೇ.

ಇಲ್ಲಿ ಒಂದು ತೊಡಕಿದೆ. ಠಗ್ಗರ ವಿಚಾರವಾಗಿ ಉಳಿದುಬಂದ ಸಾಮಗ್ರಿಯಲ್ಲಿ ಬಹುಪಾಲು ಮಾಫಿ ಸಾಕ್ಷಿಗಳ ತಪ್ಪೊಪ್ಪಿಗೆ. ಹೆಚ್ಚು ಹೇಳಿದಷ್ಟೂ ಹೆಚ್ಚು ದಿನ ಬದುಕುವ ಮನುಷ್ಯನ ಮಾತಿಗೆ ಎಷ್ಟು ಬೆಲೆ? ಬೆಹ್ರಾಮನೆಂಬ ಠಗ್ಗನು 931 ಕೊಲೆಗಳನ್ನು ಮಾಡಿದನೆಂದು ಜಗತ್ತಿನ ದಾಖಲೆಪುಸ್ತಕಗಳಲ್ಲಿ ಅಚ್ಚಾಯಿತು. ಮೂಲ ಹಸ್ತಪ್ರತಿಯನ್ನು ನೋಡಿದ ಮೈಕ್ ಡ್ಯಾಷ್ ಮೊದಲಾದವರು, ಅದು ಅವನು ಸೇರಿದ್ದ ತಂಡಗಳ ಒಟ್ಟು ಲೆಕ್ಕವೆಂದೂ ತನ್ನ ಕೈಯಿಂದ ಕೊಂದವರ ಸಂಖ್ಯೆ ಸುಮಾರು 125 ಎಂದಷ್ಟೇ ಅವನು ಹೇಳಿದ್ದನೆಂದೂ ತೋರಿಸಿದ್ದಾರೆ. ಅದೂ ಅವನ ಬಾಯಿಮಾತೇ ಹೊರತು ಹೆಣಗಳ ಲೆಕ್ಕವಲ್ಲ. 1959ರಲ್ಲಿ ಹೀರಾಲಾಲ್ ಗುಪ್ತ, 1969ರಲ್ಲಿ ಸ್ಟುವರ್ಟ್ ಗಾರ್ಡನ್, ತರುವಾಯ ರಾಧಿಕಾ ಸಿಂಘ ಮುಂತಾದ ವಿದ್ವಾಂಸರು ಸ್ಲೀಮನ್ನನ ಚಿತ್ರವನ್ನು ಬೇರೆ ಬೇರೆ ದೃಷ್ಟಿಗಳಿಂದ ಪ್ರಶ್ನಿಸಿದರು. 2007ರಲ್ಲಿ ಕಿಮ್ ವ್ಯಾಗ್ನರ್ ಎಂಬ ಇತಿಹಾಸಕಾರರು, ಠಗ್ಗರೆಂಬವರು ಬರಿಯ ಕಲ್ಪನೆಯಲ್ಲ, ಆದರೆ ಅಖಂಡ ಭಾರತದ ಗುಪ್ತಧರ್ಮವೂ ಅಲ್ಲವೆಂದು ಮಧ್ಯಮಾರ್ಗವನ್ನು ಹಿಡಿದರು. ಈ ಮತವೇ ಹೆಚ್ಚು ಒಪ್ಪತಕ್ಕದ್ದು. ಷರ್ವುಡ್ಡನನ್ನು ಓದಿ ಪ್ರಶ್ನೆಗಳನ್ನು ಸಿದ್ಧಪಡಿಸಿಕೊಂಡವನಿಗೆ ಷರ್ವುಡ್ಡನ ಉತ್ತರಗಳೇ ದೊರೆತುದರಲ್ಲಿ ಆಶ್ಚರ್ಯವಿಲ್ಲ.

ತಪ್ಪೊಪ್ಪಿಗೆಯ ಈ ಸಮಸ್ಯೆಯನ್ನು ಅಮೆರಿಕದ ಅನುಭವದ ಜೊತೆಗಿಟ್ಟು ನೋಡಿದರೆ ಸ್ಪಷ್ಟವಾಗುತ್ತದೆ. ಒಂದಾದ ಮೇಲೊಂದು ಕೊಲೆ ಮಾಡುವವರ ಚರಿತ್ರೆ ಅಲ್ಲಿ ಒಂದು ದೊಡ್ಡ ಸಾಹಿತ್ಯವಾಗಿಯೇ ಬೆಳೆದಿದೆ. ‘ಸರಣಿ ಹಂತಕ’ ಎಂಬ ಈಗಿನ ಪತ್ರಿಕಾಪದದ ಮೂಲವಾದ ಇಂಗ್ಲಿಷ್ ಮಾತು 1970ರ ದಶಕದಲ್ಲಿ ರಾಬರ್ಟ್ ರೆಸ್ಲರ್ ಎಂಬ ಅಮೆರಿಕದ ಪತ್ತೇದಾರಿ ಅಧಿಕಾರಿಯಿಂದ ರೂಢಿಗೆ ಬಂತೆಂದು ಹೇಳುವುದುಂಟು. 1930ರಲ್ಲಿಯೇ ಬರ್ಲಿನ್ನಿನ ಎರ್ನ್ಸ್ಟ್ ಗೆನ್ನಾಟ್ ಅದೇ ಅರ್ಥದ ಜರ್ಮನ್ ಪದವನ್ನು ಬಳಸಿದ್ದನು. 2005ರಲ್ಲಿ ಆ ದೇಶದ ಕೇಂದ್ರೀಯ ತನಿಖಾ ಸಂಸ್ಥೆಯು ಕರೆದ ವಿದ್ವತ್ಸಭೆಯು, ಬೇರೆ ಬೇರೆ ಸಂದರ್ಭಗಳಲ್ಲಿ ಇಬ್ಬರನ್ನಾದರೂ ಕೊಂದ ಒಬ್ಬನನ್ನು ಅಥವಾ ಹಲವರನ್ನು ಈ ಹೆಸರಿನಿಂದ ಕರೆಯಬಹುದೆಂದು ನಿರ್ಧರಿಸಿತು. ಈ ಲಕ್ಷಣದಂತೆ ತಂತಿಗಳ್ಳರೂ ಇದರೊಳಗೆ ಬರುತ್ತಾರೆ. ಮನೋವಿಕಾರವೊಂದೇ ಇಂಥ ಕೊಲೆಗೆ ಮೂಲವೆಂದು ತಿಳಿಯಬೇಕಾಗಿಲ್ಲ.

ಅಮೆರಿಕದ ಕುಖ್ಯಾತರಲ್ಲಿ ಮೊದಲಿಗನೆನ್ನಿಸಿದವನು ಎಚ್. ಎಚ್. ಹೋಮ್ಸ್ ಎಂಬ ಹೆಸರಿಟ್ಟುಕೊಂಡಿದ್ದ ಹರ್ಮನ್ ಮಡ್ಜೆಟ್. 1893ರಲ್ಲಿ ಷಿಕಾಗೋ ನಗರದಲ್ಲಿ ಜಾಗತಿಕ ವಸ್ತುಪ್ರದರ್ಶನ ನಡೆದಾಗ, ತನ್ನ ಕಟ್ಟಡದಲ್ಲಿ ಇಳಿದ ಪರಸ್ಥಳದ ಯಾತ್ರಿಕರನ್ನು ಇವನು ನೂರಾರು ಸಂಖ್ಯೆಯಲ್ಲಿ ಕೊಂದನೆಂಬುದು ಜನಪ್ರಿಯವಾದ ಕಥೆ. ಸ್ವಾಮಿ ವಿವೇಕಾನಂದರು ಮಾತನಾಡಿದ ಸರ್ವಧರ್ಮ ಸಮ್ಮೇಳನವೂ ಅದೇ ಪ್ರದರ್ಶನದ ಅಂಗವಾಗಿ ಅದೇ ವರ್ಷ, ಅದೇ ನಗರದಲ್ಲಿ ನಡೆದುದು. ಹೋಮ್ಸನು ಪತ್ರಿಕೆಯವರಿಂದ ಹಣ ಪಡೆದು 27 ಕೊಲೆಗಳನ್ನು ಒಪ್ಪಿಕೊಂಡನು. ಅವುಗಳಲ್ಲಿ ಕೆಲವರು ಆಗಿನ್ನೂ ಬದುಕಿಯೇ ಇದ್ದರು! ನಂಬಬಹುದಾದ ಲೆಕ್ಕ ಸುಮಾರು ಒಂಬತ್ತು, ಅವರೆಲ್ಲರೂ ಅವನ ಪರಿಚಿತರು. 1896ರ ಮೇ 7ರಂದು ಫಿಲಡೆಲ್ಫಿಯದಲ್ಲಿ ಅವನಿಗೆ ಗಲ್ಲಾದುದು ತನ್ನ ಸಂಗಡಿಗನೊಬ್ಬನ ಕೊಲೆಗಾಗಿ. ಇನ್ನೊಂದು ನಿದರ್ಶನ ಇದಕ್ಕಿಂತಲೂ ಕಟುವಾದುದು. 1983ರಲ್ಲಿ ಟೆಕ್ಸಸ್ಸಿನಲ್ಲಿ ಸೆರೆಯಾದ ಹೆನ್ರಿ ಲೀ ಲ್ಯೂಕಸ್ ನೂರಾರು ಕೊಲೆಗಳನ್ನು ಒಪ್ಪಿಕೊಂಡನು. ಒಪ್ಪಿಕೊಂಡಷ್ಟೂ ಅವನಿಗೆ ಸೆರೆಮನೆಯಲ್ಲಿ ಸವಲತ್ತು; ಪೊಲೀಸರಿಗೆ ಹಳೆಯ ಕಡತಗಳನ್ನು ಮುಚ್ಚುವ ಸಂತೋಷ. 1985ರಲ್ಲಿ ಡಲ್ಲಾಸಿನ ಒಂದು ದಿನಪತ್ರಿಕೆಯು ಅವನ ಓಡಾಟದ ತಾರೀಖುಗಳನ್ನು ಹೋಲಿಸಿ, ಒಂದೇ ಕಾಲದಲ್ಲಿ ಎರಡು ರಾಜ್ಯಗಳಲ್ಲಿ ಅವನು ಇದ್ದಿರಲಾರನೆಂದು ತೋರಿಸಿತು. ಅವನಿಗೆ ವಿಧಿಸಿದ್ದ ಮರಣದಂಡನೆಯನ್ನು ಆಗಿನ ಗವರ್ನರ್ ಜಾರ್ಜ್ ಬುಷ್ 1998ರಲ್ಲಿ ಜೀವಾವಧಿಗೆ ಇಳಿಸಬೇಕಾಯಿತು. ಸುಳ್ಳು ಒಪ್ಪಿಗೆಯಿಂದ ಮುಚ್ಚಿದ ಒಂದೊಂದು ಕಡತದ ಹಿಂದೆಯೂ ನಿಜವಾದ ಕೊಲೆಗಾರನೊಬ್ಬನು ಸ್ವತಂತ್ರನಾಗಿ ಉಳಿದನು. ಸ್ಲೀಮನ್ನನ ಮಾಫಿ ಸಾಕ್ಷಿಗಳನ್ನು ಓದುವವರು ಈ ಲ್ಯೂಕಸ್ಸನನ್ನು ಮರೆಯಬಾರದು.

ಆದರೆ ಹೋಲಿಕೆಗೆ ಅತ್ಯಂತ ಸಮೀಪವಾದುದು ಹುವಾನ್ ಕರೋನನ ಪ್ರಕರಣ. ಕ್ಯಾಲಿಫೋರ್ನಿಯದ ಯೂಬಾ ನಗರದ ಬಳಿ ಹಣ್ಣಿನ ತೋಟಗಳಿಗೆ ಕೂಲಿಯಾಳುಗಳನ್ನು ಒದಗಿಸುತ್ತಿದ್ದ ಮೇಸ್ತ್ರಿ ಇವನು. 1971ರ ಮೇ ತಿಂಗಳಿನಲ್ಲಿ ಆ ತೋಟಗಳ ಮಣ್ಣಿನಡಿಯಿಂದ 25 ಹೆಣಗಳು ಹೊರಬಂದವು. ಸತ್ತವರೆಲ್ಲರೂ ಊರೂರು ಅಲೆದು ಕೂಲಿ ಮಾಡುವ ಗಂಡಸರು. ಅವರಲ್ಲಿ ಯಾರಾದರೂ ಕಾಣೆಯಾಗಿದ್ದಾರೆಂಬ ಗದ್ದಲ ಅದುವರೆಗೆ ಎದ್ದಿರಲಿಲ್ಲ. ಕೆಲವರ ಹೆಸರು ಕೊನೆಯವರೆಗೂ ತಿಳಿಯಲಿಲ್ಲ. ಹಾಗೆಯೇ ಸ್ಯಾಮ್ಯುಯೆಲ್ ಲಿಟ್ಲ್ ಎಂಬುವನು 93 ಹೆಂಗಸರನ್ನು ಕೊಂದುದಾಗಿ ಹೇಳಿದನು. 2019ರ ವೇಳೆಗೆ ಅವುಗಳಲ್ಲಿ 50 ದೃಢಪಟ್ಟಿದ್ದವು. ಆ ಸಾವುಗಳಲ್ಲಿ ಎಷ್ಟನ್ನೋ ಮಾದಕವಸ್ತುವಿನ ಅತಿಸೇವನೆಯೆಂದೋ ಅಪಘಾತವೆಂದೋ ಬರೆದು ಮುಗಿಸಲಾಗಿತ್ತು. ಟೆಡ್ ಬಂಡಿಯಂಥವರ ಚಾತುರ್ಯದ ಬಗ್ಗೆ ಬರೆದ ಪುಸ್ತಕಗಳಿಗೆ ಲೆಕ್ಕವಿಲ್ಲ. ಕರೋನ, ಲಿಟ್ಲರಿಗೆ ಅಂಥ ಚಾತುರ್ಯವೇನೂ ಬೇಕಾಗಲಿಲ್ಲ. ಕೇಳುವವರಿಲ್ಲದ ಜನವನ್ನು ಆರಿಸಿಕೊಳ್ಳುವುದೊಂದೇ ಅವರು ಮಾಡಿದ ಉಪಾಯ, ಚಿತ್ತೂರಿನ ಪಾಳೆಯಪಟ್ಟುಗಳಿಂದ ಹೊರಟವರು ಮಾಡಿದಂತೆಯೇ.

ಕನ್ನಡ ನಾಡಿನ ಈಚಿನ ಎರಡು ಪ್ರಕರಣಗಳು ಇದಕ್ಕೆ ಸೇರುತ್ತವೆ. ಬೆಂಗಳೂರಿನ ಹತ್ತಿರದ ಕಗ್ಗಲಿಪುರದ ಕೆಂಪಮ್ಮ ಎಂಬವಳು ದೇವಸ್ಥಾನಗಳಲ್ಲಿ ಕಷ್ಟದಲ್ಲಿದ್ದ ಹೆಂಗಸರ ಪರಿಚಯ ಮಾಡಿಕೊಳ್ಳುತ್ತಿದ್ದಳು. ದೂರದ ಕ್ಷೇತ್ರದಲ್ಲಿ ವಿಶೇಷ ಪೂಜೆ ಮಾಡಿಸಿದರೆ ಕಷ್ಟ ಪರಿಹಾರವಾಗುವುದೆಂದು ನಂಬಿಸಿ, ಒಡವೆಗಳನ್ನು ಧರಿಸಿ ಬರಹೇಳಿ, ಯಾತ್ರಿಕರ ಕೊಠಡಿಗಳಲ್ಲಿ ಸಯನೈಡನ್ನು ಕೊಟ್ಟು ಕೊಲ್ಲುತ್ತಿದ್ದಳು. ಮೊದಲ ಕೊಲೆ 1999ರಲ್ಲಿ. 2007ರ ಕೊನೆಯ ಕೆಲವೇ ತಿಂಗಳುಗಳಲ್ಲಿ ಹಲವು. ಷರ್ವುಡ್ಡನ ಪುಟಗಳಿಂದಲೇ ಎದ್ದುಬಂದಂತಿದೆ ಈ ರೀತಿ: ದಾರಿಯ ಸ್ನೇಹ, ದೇವರ ಹೆಸರು, ತಂಗುದಾಣ, ಮೈಮೇಲಿನ ಚಿನ್ನ.

ಎರಡನೆಯದು ಕಾಸರಗೋಡಿನ ಗಡಿಗೆ ಹೊಂದಿಕೊಂಡ ಬಂಟ್ವಾಳ ತಾಲ್ಲೂಕಿನ ಕನ್ಯಾನದ ಮೋಹನಕುಮಾರನದು. ಪ್ರಾಥಮಿಕ ಶಾಲೆಯ ಉಪಾಧ್ಯಾಯನಾಗಿದ್ದ ಇವನ ಮೇಲೆ, 2003ರಿಂದ 2009ರವರೆಗೆ 20 ಹೆಂಗಸರನ್ನು ಕೊಂದನೆಂದು ಮೊಕದ್ದಮೆಗಳು ನಡೆದವು. ವರದಕ್ಷಿಣೆಯ ಅನುಕೂಲವಿಲ್ಲದೆ ಮದುವೆ ತಡವಾದ ಬಡ ಮನೆಗಳ ಹೆಣ್ಣುಮಕ್ಕಳನ್ನು ಮದುವೆಯ ಆಸೆ ತೋರಿಸಿ ಮೈಸೂರು, ಮಡಿಕೇರಿ, ಹಾಸನ, ಬೆಂಗಳೂರುಗಳ ವಸತಿಗೃಹಗಳಿಗೆ ಕರೆದೊಯ್ಯುವುದು. ಮರುದಿನ ಒಡವೆಗಳನ್ನು ಕೊಠಡಿಯಲ್ಲಿಯೇ ಬಿಡಿಸಿ, ಬಸ್ ನಿಲ್ದಾಣದಲ್ಲಿ ಗರ್ಭನಿರೋಧದ ಗುಳಿಗೆಯೆಂದು ಸಯನೈಡನ್ನು ಕೊಟ್ಟು ಶೌಚಾಲಯಕ್ಕೆ ಹೋಗಿ ನುಂಗುವಂತೆ ಹೇಳುವುದು. ಒಳಗಿನಿಂದ ಅಗಳಿ ಹಾಕಿದ ಬಾಗಿಲ ಹಿಂದೆ ಸಿಕ್ಕ ಹೆಣ, ಆ ಊರಿನ ಪೊಲೀಸರಿಗೆ ಗುರುತಿಲ್ಲದ ಹೆಂಗಸಿನ ಆತ್ಮಹತ್ಯೆ. ಇತ್ತ ತವರಿನಲ್ಲಿ ಮಗಳು ಯಾರೊಡನೆಯೋ ಓಡಿಹೋದಳೆಂಬ ನಾಚಿಕೆಯಿಂದ ದೂರು ಕೊಡುವವರೇ ಇಲ್ಲ. ಸಿಪಾಯಿಯು ದಂಡಿನ ಪಟ್ಟಿಯಲ್ಲಿ ಓಡಿಹೋದವನಾದಂತೆ ಇವಳು ಊರಿನ ಮಾತಿನಲ್ಲಿ ಓಡಿಹೋದವಳಾದಳು. ಬಂಟ್ವಾಳದ ಹಳ್ಳಿಯೊಂದರ ಯುವತಿ 2009ರ ಜೂನ್‌ನಲ್ಲಿ ಕಾಣೆಯಾದಾಗ ಅನ್ಯಮತದವನೊಬ್ಬನ ಮೇಲೆ ಅನುಮಾನ ಹುಟ್ಟಿ, ಜನ ಪೊಲೀಸ್ ಠಾಣೆಯ ಮುಂದೆ ಗಲಾಟೆ ಮಾಡಿದರು. ಅನುಮಾನ ತಪ್ಪು, ಆದರೆ ಗಲಾಟೆಯ ದೆಸೆಯಿಂದ ದೂರವಾಣಿಯ ಕರೆಗಳ ಲೆಕ್ಕ ತೆಗೆದು ನೋಡಬೇಕಾಯಿತು. ಒಂದು ಸಂಖ್ಯೆಯಿಂದ ಇನ್ನೊಂದಕ್ಕೆ, ಕಾಣೆಯಾದ ಒಬ್ಬಳಿಂದ ಮತ್ತೊಬ್ಬಳಿಗೆ ಎಳೆ ಹಬ್ಬಿ, ಅಕ್ಟೋಬರಿನಲ್ಲಿ ಮೋಹನಕುಮಾರನು ಸೆರೆಯಾದನು. 2013ರ ಡಿಸೆಂಬರಿನಲ್ಲಿ ಮೊದಲ ತೀರ್ಪುಗಳು ಬಂದವು, ಕೊನೆಯದು 2020ರಲ್ಲಿ. ತನ್ನ ಮೊಕದ್ದಮೆಗಳಲ್ಲಿ ಅವನು ತಾನೇ ವಾದಿಸಿದನು.

ಮದರಾಸಿನ ದಕ್ಷಿಣದ ತುದಿಯ ತಿರುವಾನ್ಮಿಯೂರಿನಲ್ಲಿ 1980ರ ದಶಕದ ಕೊನೆಯಲ್ಲಿ ಆರು ಕೊಲೆಗಳನ್ನು ನಡೆಸಿದ ಗೌರೀಶಂಕರ ಅಥವಾ ಆಟೋ ಶಂಕರನ ವಿಷಯ ಇಲ್ಲಿಯ ಓದುಗರಿಗೆ ತಿಳಿದುದೇ ಆದ್ದರಿಂದ ವಿಸ್ತರಿಸಬೇಕಾಗಿಲ್ಲ. ಆಟೋ ಓಡಿಸುತ್ತ, ಕಳ್ಳಭಟ್ಟಿ ಸಾಗಿಸುತ್ತ, ವೇಶ್ಯಾವಾಟಿಕೆ ನಡೆಸುತ್ತಿದ್ದ ಇವನಿಗೆ 1995ರ ಏಪ್ರಿಲ್ 27ರಂದು ಸೇಲಂ ಸೆರೆಮನೆಯಲ್ಲಿ ಗಲ್ಲಾಯಿತು. ತಪ್ಪೊಪ್ಪಿಗೆಯ ವಿಚಾರದಲ್ಲಿ ಮಾತ್ರ ಇವನ ಹೆಸರನ್ನು ಬಿಡುವಂತಿಲ್ಲ. ಸೆರೆಮನೆಯಲ್ಲಿ ಇವನು ಬರೆದನೆನ್ನಲಾದ ಆತ್ಮಕಥೆಯಲ್ಲಿ ತನ್ನ ಬೆಂಬಲಿಗರಾಗಿದ್ದ ಅಧಿಕಾರಿಗಳ ಪ್ರಸ್ತಾಪವಿದೆಯೆಂದು, ‘ನಕ್ಕೀರನ್’ ವಾರಪತ್ರಿಕೆಯಲ್ಲಿ ಅದರ ಪ್ರಕಟಣೆಯನ್ನು ತಡೆಯುವ ಪ್ರಯತ್ನ ನಡೆಯಿತು. 1994ರ ಅಕ್ಟೋಬರ್ 7ರಂದು ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಬಿ. ಪಿ. ಜೀವನ ರೆಡ್ಡಿಯವರು ಕೊಟ್ಟ ತೀರ್ಪು, ಸಾರ್ವಜನಿಕ ದಾಖಲೆಗಳಲ್ಲಿ ಇರುವಷ್ಟನ್ನು ಅವನ ಒಪ್ಪಿಗೆಯಿಲ್ಲದೆಯೂ ಅಚ್ಚುಮಾಡಬಹುದೆಂದೂ ಮಾನಹಾನಿಯ ಭಯದಿಂದ ಅಧಿಕಾರಿಗಳು ಮುಂಚಿತವಾಗಿ ತಡೆಯಲಾಗದೆಂದೂ ಸಾರಿತು. ಅದೇ ತೀರ್ಪಿನಲ್ಲಿ ಪ್ರತಿಯೊಬ್ಬನಿಗೂ ತನ್ನ ಖಾಸಗಿ ಬದುಕಿನ ಮೇಲೆ ಹಕ್ಕುಂಟೆಂಬ ಮಾತು ಬಂದು, ಮುಂದಿನ ನ್ಯಾಯಶಾಸ್ತ್ರಕ್ಕೆ ಆಧಾರವಾಯಿತು. ಪಾಳೆಯಗಾರನ ಪಾಲು ಎಷ್ಟಿತ್ತೆಂಬುದನ್ನು ತಂತಿಗಳ್ಳರ ಬಾಯಿಂದ ಕೇಳಿ ಅಚ್ಚುಮಾಡಲು ಷರ್ವುಡ್ಡನಿಗೆ ಯಾವ ಅಡ್ಡಿಯೂ ಇರಲಿಲ್ಲ. ಏಕೆಂದರೆ ಪಾಳೆಯಗಾರರು ಆ ವೇಳೆಗೆ ಸೋತಿದ್ದರು.

1836ರ ಕಾಯಿದೆಯ ಸಂತಾನದ ಬಗ್ಗೆಯೂ ಹೇಳಬೇಕಾಗಿದೆ. ಒಬ್ಬನು ಏನು ಮಾಡಿದನೆಂದು ಕೇಳದೆ ಯಾರೊಡನೆ ಸೇರಿದವನೆಂದು ಕೇಳುವ ಪದ್ಧತಿ ಅದರಿಂದ ಮೊದಲಾಯಿತು. 1871ರಲ್ಲಿ ಬಂದ ಅಪರಾಧಿ ಬುಡಕಟ್ಟುಗಳ ಕಾಯಿದೆಯು ಇಡೀ ಜಾತಿಗಳನ್ನೇ ಹುಟ್ಟುಗಳ್ಳರೆಂದು ಪಟ್ಟಿಮಾಡಿತು. 1911ರಲ್ಲಿ ಅದು ಮದರಾಸು ಪ್ರಾಂತಕ್ಕೂ ವಿಸ್ತರಿಸಿತು. ಉಪ್ಪು, ದವಸಗಳನ್ನು ಹೇರಿಕೊಂಡು ಘಟ್ಟ ಹತ್ತಿ ಇಳಿಯುತ್ತಿದ್ದ ಕೊರವ ಕೊರಚರಂಥ ಅಲೆಮಾರಿ ಜನ, ರೈಲು ಬಂದು ಕಸುಬನ್ನು ಕಳೆದುಕೊಂಡ ಮೇಲೆ, ಊರಿಂದ ಊರಿಗೆ ಹೋಗಲು ಪೊಲೀಸರ ರಹದಾರಿ ಪಡೆಯಬೇಕಾಯಿತು. ಹೊತ್ತುಹೊತ್ತಿಗೆ ಠಾಣೆಯಲ್ಲಿ ಹಾಜರಿ ಹಾಕಬೇಕಾಯಿತು. ದಾರಿಹೋಕರನ್ನು ಕಾಯುವುದಕ್ಕೆಂದು ಹುಟ್ಟಿದ ಕಾನೂನು, ಹುಟ್ಟಿನಿಂದಲೇ ದಾರಿಹೋಕರಾದವರ ಕಾಲಿಗೆ ಸಂಕೋಲೆಯಾಯಿತು. ಮದರಾಸು ಪ್ರಾಂತದಲ್ಲಿ 1947ರಲ್ಲಿ, ಇಡೀ ದೇಶದಲ್ಲಿ 1952ರ ಆಗಸ್ಟ್ 31ರಂದು ಅದು ರದ್ದಾಯಿತು. ಆ ಜನರಲ್ಲಿ ಹಲವು ಪಂಗಡಗಳು ಇಂದಿಗೂ ಆಗಸ್ಟ್ 31ನ್ನು ತಮ್ಮ ಬಿಡುಗಡೆಯ ದಿನವೆಂದು ಆಚರಿಸುತ್ತವೆ.